ಭೂಗತ ಗಣಿಗೆ ಭೂಮಿಯ ಮೇಲಿನವರ ಮಾತು ಬೇಡವೇ?

ಗಣಿಗೆ ಪರಿಸರ ಅನುಮತಿ ನೀಡುವ ಮುನ್ನ ಊರವರ ಅಹವಾಲು ಕೇಳಬೇಕೆಂಬ ನಿಯಮಕ್ಕೆ ಕೇಂದ್ರ ಪರಿಸರ ಸಚಿವಾಲಯವು 2025ರ ಸೆಪ್ಟೆಂಬರ್ 8ರಂದು ದೊಡ್ಡದೊಂದು ವಿನಾಯಿತಿ ನೀಡಿತು. ಅಣು ಖನಿಜಗಳು ಹಾಗೂ ‘ನಿರ್ಣಾಯಕ’ ಎಂದು ಪಟ್ಟಿಮಾಡಿದ ಖನಿಜಗಳ ಗಣಿಗಳನ್ನು ಸಾರ್ವಜನಿಕ ಅಹವಾಲು ಸಭೆಯಿಂದ ಹೊರಗಿಡಲಾಯಿತು. ದೇಶದ ರಕ್ಷಣೆಯ ಅಗತ್ಯ ಎಂಬುದು ಕೊಟ್ಟ ಕಾರಣ. ಪರಿಣಾಮ ವರದಿಯೂ ತಜ್ಞರ ಪರಿಶೀಲನೆಯೂ ಉಳಿದವು. ಹೋದದ್ದು ಜನರ ಸರದಿ ಮಾತ್ರ.

ಚಿನ್ನ ಆ ಪಟ್ಟಿಯಲ್ಲಿಲ್ಲ. ಕಲ್ಲಿದ್ದಲ ಗಣಿಗಳಂತೂ ನಮ್ಮ ರಾಜ್ಯದಲ್ಲೇ ಇಲ್ಲ. ಹಾಗೆಂದು ಕರ್ನಾಟಕದವರು ಸುಮ್ಮನಿರುವಂತಿಲ್ಲ. ಕೋಲಾರ ಮತ್ತು ಹಟ್ಟಿಯ ಭೂಗತ ಗಣಿಗಳ ಅನುಭವ ನಮಗಿದೆ. ಗದಗ ಜಿಲ್ಲೆಯ ಕಪ್ಪತಗುಡ್ಡದ ಚಿನ್ನದ ಮೇಲೆ ಗಣಿ ಕಂಪೆನಿಗಳ ಕಣ್ಣು ಬಹುಕಾಲದಿಂದ ಇದೆ.

ನೆಲದಡಿಯ ಗಣಿ ನಿರುಪದ್ರವಿಯೇ?

ತೆರೆದ ಗಣಿಗೆ ಹೋಲಿಸಿದರೆ ಭೂಗತ ಗಣಿಗೆ ಮೇಲಿನ ಜಾಗ ಕಡಿಮೆ ಸಾಕು. ಹೊಲ ಹೊಲವಾಗಿಯೇ ಉಳಿಯುತ್ತದೆ ಎಂಬ ವಾದ ಇದರಿಂದಲೇ ಹುಟ್ಟುತ್ತದೆ. ಇದು ಅರ್ಧ ಸತ್ಯ. ಗಣಿಯೊಳಗೆ ಜಿನುಗುವ ನೀರನ್ನು ಹಗಲಿರುಳು ಪಂಪು ಮಾಡಿ ಹೊರಹಾಕಬೇಕು. ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರು ಇಳಿಯುವುದು ಆಗ. ಕಲ್ಲಿದ್ದಲು ತೆಗೆದ ಟೊಳ್ಳಿನ ಮೇಲೆ ನೆಲ ಕುಸಿಯಬಹುದು. ಜಾರ್ಖಂಡ್‌ನ ಝರಿಯಾದಲ್ಲಿ 1916ರಲ್ಲಿ ಕಾಣಿಸಿಕೊಂಡ ನೆಲದಡಿಯ ಬೆಂಕಿ ಶತಮಾನ ಕಳೆದರೂ ಪೂರ್ತಿ ಆರಿಲ್ಲ.

ಚಿನ್ನದ್ದು ಬೇರೆ ಕಥೆ. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಪುಡಿಯಾಗಿ ಭೂಮಿಯ ಮೇಲೆ ಬೀಳುತ್ತದೆ. ಕೋಲಾರದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಸಯನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಮಾತ್ರ ಹಾಗೆಯೇ ನಿಂತವು. ಗಾಳಿ ಬೀಸಿದಾಗ ಆ ಧೂಳು ಮನೆಗಳಿಗೆ ಬಂತು. ಆ ಗಣಿ ಆರಂಭವಾದ ಕಾಲದಲ್ಲಿ ಪರಿಸರ ಪರಿಶೀಲನೆ ಎಂಬುದೇ ಇರಲಿಲ್ಲ.

ಕೊಣ್ಣೂರು ಕಲಿಸುವ ಪಾಠ

ಗದಗ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಲಪ್ರಭೆಯ ಬದಿಯಲ್ಲಿ, ನರಗುಂದ ತಾಲೂಕಿನ ಕೊಣ್ಣೂರು ಇದೆ. ಇಲ್ಲಿ ಗಣಿಯಿಲ್ಲ. ಆದರೆ ಭೂಬಳಕೆಯ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಕ್ರಿ.ಶ. 860ರ ಭೂದಾನವನ್ನು ಹೇಳುವ ಶಿಲಾಶಾಸನವಿರುವ ಊರು ಇದು. ಯಾವ ಭೂಮಿ ಯಾರಿಗೆ, ಯಾವುದಕ್ಕೆ ಎಂಬುದನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಬರೆಯುವ ಪದ್ಧತಿ ಆಗಲೇ ಇತ್ತು.

ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರು ಈ ಎರೆ ಭೂಮಿಗೆ ಬಂದಾಗ ಬೆಳೆಯ ಲಾಭವನ್ನು ಲೆಕ್ಕ ಹಾಕಲಾಯಿತು. ನೀರು ಬಸಿದು ಹೋಗುವ ದಾರಿಯ ಬಗ್ಗೆ ಸಾಕಷ್ಟು ಯೋಚಿಸಲಿಲ್ಲ. ಸಾವಿರಾರು ಎಕರೆ ಸವುಳು-ಜವುಳಾಯಿತು. ಅದರ ಮೇಲೆ ಸರಕಾರ ಭೂಮಿಯ ಬೆಲೆ ಹೆಚ್ಚಿತೆಂದು ಅಭಿವೃದ್ಧಿ ಕರ ಕೇಳಿತು. 1980ರ ಜುಲೈ 21ರಂದು ನರಗುಂದದ ರೈತರು ಬೀದಿಗಿಳಿದರು. ಗೋಲಿಬಾರ್ ನಡೆದು ಜೀವಗಳು ಹೋದವು. ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಜನರು ಕಚೇರಿಯ ಬಾಗಿಲಲ್ಲಿ ಕೇಳಬೇಕಾಯಿತು. 2019ರ ಆಗಸ್ಟಿನಲ್ಲಿ ಅದೇ ಮಲಪ್ರಭೆ ಉಕ್ಕಿ ಕೊಣ್ಣೂರನ್ನು ನುಗ್ಗಿದಾಗ ನದೀಪಾತ್ರದ ಭೂಬಳಕೆಯ ಪ್ರಶ್ನೆ ಮತ್ತೆ ಎದ್ದಿತು.

ಮಾತಾಡಿದ್ದರಿಂದ ಉಳಿದ ಗುಡ್ಡ

ಇದಕ್ಕೆ ಎದುರಾಗಿ ಕಪ್ಪತಗುಡ್ಡವನ್ನು ನೋಡಿ. 2015ರ ಡಿಸೆಂಬರಿನಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶದ ಸ್ಥಾನ ಸಿಕ್ಕಿತು. 2016ರ ನವೆಂಬರಿನಲ್ಲಿ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ರೈತರು, ವಿದ್ಯಾರ್ಥಿಗಳು, ಸಾಹಿತಿಗಳು ಒಂದಾದರು. 2017ರಲ್ಲಿ ಸ್ಥಾನ ಮರಳಿತು. 2019ರ ಮೇ ತಿಂಗಳಲ್ಲಿ 244 ಚದರ ಕಿ.ಮೀ. ಪ್ರದೇಶ ವನ್ಯಜೀವಿಧಾಮವಾಯಿತು. ಇದೇ ಸ್ವಾಮೀಜಿ 2011ರಲ್ಲಿ ಹಳ್ಳಿಗುಡಿಯ ಪೋಸ್ಕೊ ಉಕ್ಕಿನ ಕಾರ್ಖಾನೆಯನ್ನು ತಡೆದ ಹೋರಾಟದ ಮುಂಚೂಣಿಯಲ್ಲೂ ಇದ್ದರು.

ಅಹವಾಲು ಸಭೆ ದೋಷರಹಿತವೇನೂ ಅಲ್ಲ. 2006ರ ಅಧಿಸೂಚನೆಯಂತೆ 30 ದಿನ ಮೊದಲು ನೋಟೀಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು. ಆದರೆ ಇಷ್ಟೇ ಜನ ಸೇರಬೇಕೆಂಬ ಕೋರಂ ಇಲ್ಲ. ಸಭಾಂಗಣ ಖಾಲಿಯಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಜನರು ಬೇಡವೆಂದ ಮಾತ್ರಕ್ಕೆ ಯೋಜನೆ ನಿಲ್ಲುವುದೂ ಇಲ್ಲ. ಆದರೂ ಹೇಳಿದ ಮಾತು ದಾಖಲೆಗೆ ಸೇರುತ್ತದೆ, ಕಂಪೆನಿ ಅದಕ್ಕೆ ಉತ್ತರಿಸಬೇಕಾಗುತ್ತದೆ, ಮುಂದೆ ನ್ಯಾಯಾಲಯದಲ್ಲಿ ಅದು ಆಧಾರವಾಗುತ್ತದೆ. ಯಾವ ಬಾವಿ ಬೇಸಗೆಯಲ್ಲಿ ಬತ್ತುತ್ತದೆ, ಯಾವ ಹಳ್ಳ ಎಲ್ಲಿಗೆ ಹರಿಯುತ್ತದೆ ಎಂಬುದು ದೂರದ ತಜ್ಞರಿಗಿಂತ ಊರವರಿಗೇ ಚೆನ್ನಾಗಿ ಗೊತ್ತು.

ಖನಿಜ ದೇಶಕ್ಕೆ ಬೇಕು ಎಂಬುದನ್ನು ಒಪ್ಪೋಣ. ಅಷ್ಟು ಅಗತ್ಯದ ಯೋಜನೆಯಾದರೆ ಊರವರ ಮುಂದೆ ಅದನ್ನು ಸಮರ್ಥಿಸಲು ಹಿಂಜರಿಕೆ ಏಕೆ? ಸಭೆ ಎಲ್ಲಿ ನಡೆದರೂ ನಾಲ್ಕು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಬೇಕು: ನಮ್ಮ ಬಾವಿಯ ನೀರು ಎಷ್ಟು ಇಳಿಯುತ್ತದೆ? ಪುಡಿಯ ರಾಶಿ ಎಲ್ಲಿ ಬೀಳುತ್ತದೆ? ನೆಲ ಕುಸಿದರೆ ಹೊಣೆ ಯಾರದು? ಗಣಿ ಮುಚ್ಚಿದ ಮೇಲೆ ಕಾಯುವವರು ಯಾರು? ಸಭೆಯೇ ಇಲ್ಲದ ಕಡೆ ಗ್ರಾಮಸಭೆಯಲ್ಲಿ ಇದೇ ಪ್ರಶ್ನೆಗಳನ್ನು ಠರಾವಿಗೆ ತಂದು ಜಿಲ್ಲಾಧಿಕಾರಿಗೆ ಕಳುಹಿಸಬಹುದು.