ಉಪ್ಪು ನುಡಿದ ಸಾಕ್ಷ್ಯ

ಮಳೆಗಾಲದಲ್ಲಿ ಉಪ್ಪಿನ ಜಾಡಿಯ ಮುಚ್ಚಳ ತುಸು ಸಡಿಲವಾದರೆ ಏನಾಗುವುದೆಂಬುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಗಾಳಿಯ ತೇವವನ್ನು ಹೀರಿ ಉಪ್ಪು ನೀರೊಡೆಯುತ್ತದೆ. ಅಡಿಗೆಮನೆಯ ಈ ಸಾಮಾನ್ಯ ಸಂಗತಿಯೇ ಸೌರಮಂಡಲದ ಬಾಲ್ಯದ ಒಂದು ಮುಖ್ಯ ಅಧ್ಯಾಯವನ್ನು ಬಹುಕಾಲ ಮಾನವನಿಂದ ಮರೆಮಾಡಿತ್ತೆಂದರೆ ವಾಚಕರು ಅಚ್ಚರಿಪಡಬಹುದು.

ಗ್ರಹಗಳು ರೂಪುಗೊಂಡಾಗ ಉಳಿದ ಸಾಮಗ್ರಿಯ ತುಣುಕುಗಳು ಉಲ್ಕಾಶಿಲೆಗಳಾಗಿ ಭೂಮಿಗೆ ಬೀಳುತ್ತಲೇ ಇವೆ. ಕಲ್ಲು ತಾನಾಗಿಯೇ ಮನೆಬಾಗಿಲಿಗೆ ಬರುತ್ತಿರುವಾಗ ಅದನ್ನು ತರಲು ಕೋಟ್ಯಂತರ ಮೈಲಿಗಳ ಪ್ರಯಾಣವೇಕೆ? ಬಂದ ಕಲ್ಲು ಇದ್ದಂತೆ ಉಳಿಯುವುದಿಲ್ಲವೆಂಬುದೇ ಇದಕ್ಕೆ ಉತ್ತರ. ವಾಯುಮಂಡಲವನ್ನು ಹಾಯುವಾಗ ಅದರ ಹೊರಮೈ ಸುಟ್ಟು ಕರಕಾಗುತ್ತದೆ. ನೆಲಕ್ಕೆ ಬಿದ್ದಮೇಲೆ ಮಳೆ, ಮಣ್ಣು, ಸೂಕ್ಷ್ಮಜೀವಿಗಳು ಅದನ್ನು ಸೋಂಕುತ್ತವೆ. ಒಳಗಿನ ನವಿರಾದ ಲವಣಗಳು ತೇವಕ್ಕೆ ಕರಗಿಹೋಗುತ್ತವೆ. ನ್ಯಾಯಸ್ಥಾನವನ್ನು ತಲಪುವ ಮೊದಲೇ ಸಾಕ್ಷಿ ಅರ್ಧ ಮಾತನ್ನು ಮರೆತಂತಾಗುತ್ತದೆ.

ಆದುದರಿಂದಲೇ ಅಮೆರಿಕದ ನಾಸಾ ಸಂಸ್ಥೆಯು 2016ರಲ್ಲಿ ಒಸೈರಿಸ್-ರೆಕ್ಸ್ ಎಂಬ ನೌಕೆಯನ್ನು ಒಂದು ಕ್ಷುದ್ರಗ್ರಹದೆಡೆಗೆ ಕಳುಹಿಸಿತು. ಈಜಿಪ್ಟಿನ ಪುರಾಣಪಕ್ಷಿಯೊಂದರಿಂದ 'ಬೆನ್ನು' ಎಂಬ ಹೆಸರು ಪಡೆದ ಅದು ಸುಮಾರು ಅರ್ಧ ಕಿಲೋಮೀಟರ್ ಅಡ್ಡಳತೆಯ ಕಲ್ಲುರಾಶಿ. 2020ರ ಅಕ್ಟೋಬರ್ 20ರಂದು ನೌಕೆ ಅದನ್ನು ಕೆಲವೇ ಕ್ಷಣ ಮುಟ್ಟಿ, ನೈಟ್ರೋಜನ್ ಅನಿಲವನ್ನು ಊದಿ, ಮೇಲೆದ್ದ ಪುಡಿಯನ್ನು ಸಂಗ್ರಹಿಸಿತು. 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಯಲ್ಲಿ ಇಳಿದ ಪೆಟ್ಟಿಗೆಯಲ್ಲಿದ್ದುದು 121.6 ಗ್ರಾಂ, ಹಳೆಯ ಲೆಕ್ಕದಲ್ಲಿ ಹತ್ತು ತೊಲಕ್ಕೆ ಸ್ವಲ್ಪ ಮೇಲೆ. ಭೂಮಿಯ ತೇವ ತಗುಲದಂತೆ ಅದನ್ನು ನೈಟ್ರೋಜನ್ ತುಂಬಿದ ಆವರಣದಲ್ಲಿ ಕಾಪಾಡಲಾಯಿತು.

ಈ ಎಚ್ಚರಿಕೆ ಫಲಿಸಿತು. ಸೋಡಿಯಂನ ಕಾರ್ಬೊನೇಟ್, ಫಾಸ್ಫೇಟ್, ಕ್ಲೋರೈಡ್ ಮೊದಲಾದ ಲವಣಗಳು ಪುಡಿಯಲ್ಲಿವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಉಪ್ಪುನೀರಿನ ಕೆರೆ ಬತ್ತಿದಾಗ ತಳದಲ್ಲಿ ಉಳಿಯುವಂಥ ಲವಣಗಳಿವು. ಬೆನ್ನು ಎಂಬುದು ಒಡೆದುಹೋದ ದೊಡ್ಡದೊಂದು ಪಿಂಡದ ಚೂರುಗಳಿಂದಾದುದು. ಸುಮಾರು 450 ಕೋಟಿ ವರ್ಷಗಳ ಹಿಂದೆ ಆ ಮೂಲಪಿಂಡದೊಳಗೆ ವಿಕಿರಣಶೀಲ ಧಾತುಗಳ ಶಾಖದಿಂದ ಹಿಮ ಕರಗಿ ನೀರಾಗಿತ್ತು; ನೀರು ಬತ್ತುತ್ತ ಬಂದಂತೆ ಲವಣಗಳು ಒಂದರ ಬಳಿಕ ಒಂದು ಹರಳುಗಟ್ಟಿದವು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬುದು ಗಾದೆ. ಇಂಥ ಉಪ್ಪು ಉಳಿದೆಡೆಯಲ್ಲಿ ನೀರು ಇದ್ದೇ ಇತ್ತೆಂಬುದು ಬೆನ್ನುವಿನ ಸಾಕ್ಷ್ಯ.

ಅದೇ ಪುಡಿಯಲ್ಲಿ ಅಮೋನಿಯವೂ ಇದೆ. ಜೀವಿಗಳು ಪ್ರೋಟೀನುಗಳನ್ನು ಕಟ್ಟಲು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ದೊರೆತಿವೆ; ಡಿಎನ್ಎ, ಆರ್ಎನ್ಎಗಳ ಬರಹಕ್ಕೆ ಅಕ್ಷರಗಳಂತಿರುವ ಐದು ಪ್ರತ್ಯಾಮ್ಲಗಳೂ ದೊರೆತಿವೆ. ಹಾಗೆಂದು ಅಲ್ಲಿ ಜೀವವಿತ್ತೆಂದು ಭಾವಿಸಲಾಗದು. ಅಮೈನೋ ಆಮ್ಲಗಳಿಗೆ ಎಡಗೈ ಬಲಗೈಗಳಂತೆ ಎರಡು ರೂಪಗಳುಂಟು. ಭೂಮಿಯ ಜೀವಿಗಳು ಪ್ರೋಟೀನಿಗಾಗಿ ಆಯ್ದುಕೊಂಡಿರುವುದು ಎಡರೂಪವನ್ನು; ಬೆನ್ನುವಿನಲ್ಲಿಯಾದರೋ ಎರಡೂ ಹೆಚ್ಚುಕಡಿಮೆ ಸಮಸಮ. ಕೆಲವು ಉಲ್ಕಾಶಿಲೆಗಳಲ್ಲಿ ಎಡರೂಪದ ಹೆಚ್ಚಳವನ್ನು ಕಂಡು, ಈ ಒಲವು ಆಕಾಶದಿಂದಲೇ ಬಂದಿರಬೇಕೆಂದು ಊಹಿಸಿದ್ದವರು ಇದೀಗ ಮರಳಿ ಯೋಚಿಸಬೇಕಾಗಿದೆ.

ಬೇಳೆ, ಹುಣಿಸೆ, ಉಪ್ಪು, ನೀರು ಎಲ್ಲವೂ ಇದ್ದಮಾತ್ರಕ್ಕೆ ಸಾರು ಸಿದ್ಧವಾಗುವುದಿಲ್ಲ. ಬೆನ್ನುವಿನಲ್ಲಿ ಸಿಕ್ಕಿರುವುದು ಸಾಮಗ್ರಿ ಮಾತ್ರ. ಅಂಥದೇ ಸಾಮಗ್ರಿ ಭೂಮಿಯಲ್ಲಿ ಉಸಿರಾಡತೊಡಗಿದುದು ಹೇಗೆ ಎಂಬ ಪ್ರಶ್ನೆ ಉಳಿದೇ ಇದೆ. ಇದನ್ನರಿತೇ ವಿಜ್ಞಾನಿಗಳು ಪುಡಿಯಲ್ಲಿ ನೂರಕ್ಕೆ ಕನಿಷ್ಠ 70 ಪಾಲನ್ನು ಮುಂದಿನವರಿಗೆಂದು ತೆಗೆದಿಟ್ಟಿದ್ದಾರೆ. ಅದನ್ನು ಪರೀಕ್ಷಿಸುವವರಲ್ಲಿ ಕೆಲವರು ಇನ್ನೂ ಶಾಲೆಯಲ್ಲಿರಬಹುದು. ಕೆಲವರು ಇನ್ನೂ ಹುಟ್ಟಿರಲಾರರು.