ಹೊರುವವನು ಒಬ್ಬ, ಆರಿಸುವವನು ಇನ್ನೊಬ್ಬ

ಡಿಸೈನ್ ಸಾಫ್ಟ್‌ವೇರ್ ಓಡಬೇಕು ಎಂದು ಹೇಳಿ ಈ ಸೆಮಿಸ್ಟರ್‌ನಲ್ಲಿ ಮನೆಯವರ ಬಳಿ ಲ್ಯಾಪ್‌ಟಾಪ್ ಕೇಳಿದೆ. ಅಪ್ಪ ಅರವತ್ತು ಸಾವಿರಕ್ಕೆ ಗೆರೆ ಎಳೆದರು. ಅಷ್ಟರೊಳಗೆ ಹಗುರವೂ ಇರಬೇಕು, ಬ್ಯಾಟರಿಯೂ ದಿನವಿಡೀ ಬರಬೇಕು, ದೊಡ್ಡ ಡ್ರಾಯಿಂಗೂ ತೆರೆಯಬೇಕು, ಗೇಮೂ ಆಡಬೇಕು. ಪಟ್ಟಿ ಮಾಡಿ, ಅಳಿಸಿ, ಮತ್ತೆ ಪಟ್ಟಿ ಮಾಡಿ ಎರಡು ತಿಂಗಳು ಕಳೆದೆ. ದೀಪಾವಳಿಗೆ ಗೋಕಾಕ ತಾಲ್ಲೂಕಿನ ನಮ್ಮೂರಿಗೆ ಹೋದಾಗಲೂ ಕೈಯಲ್ಲಿ ಅದೇ ಪಟ್ಟಿ. ಕಟ್ಟೆಯ ಮೇಲೆ ಕೂತಿದ್ದ ಕಾಕಾ ಅದನ್ನು ನೋಡಿ ನಕ್ಕರು. ‘ನಿನಗ ಒಂದ್ ಲ್ಯಾಪ್‌ಟಾಪ್ ಆರಿಸಾಕ ಎರಡ ತಿಂಗಳ ಹಿಡದೈತಿ. ನಮ್ಮ ಮಿಲ್ಟ್ರಿಗೆ ಒಂದ್ ರೈಫಲ್ ಆರಿಸಾಕ ಎಷ್ಟ ವರ್ಷ ಹಿಡೀತು ಗೊತ್ತೈತೇನೋ ತಮ್ಮಾ?’

ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ 24 ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಅವರ ಮಗ, ನನ್ನ ಅಣ್ಣ, ಈಗ ಉತ್ತರದ ಗಡಿಯಲ್ಲಿದ್ದಾನೆ. ಹಾಗಾಗಿ ರೈಫಲ್ ಎಂಬುದು ನಮ್ಮ ಮನೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಯಲ್ಲ, ಊಟದ ಹೊತ್ತಿನ ಮಾತು. ಕಾಕಾನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ಪಟ್ಟಿಯಲ್ಲಿದ್ದ ರೋಗವೇ ದೇಶದ ಪಟ್ಟಿಯಲ್ಲೂ ಇತ್ತು: ಮಧ್ಯಮ ಬೆಲೆಗೆ, ಎಲ್ಲ ಕೆಲಸಕ್ಕೂ ಆಗುವ, ಯಾವುದನ್ನೂ ಬಿಟ್ಟುಕೊಡದ ಒಂದೇ ವಸ್ತು ಬೇಕು ಎಂಬ ಆಸೆ.

1962ರಲ್ಲಿ ಚೀನಾದ ಎದುರು ನಮ್ಮ ಸೈನಿಕರು ನಿಂತದ್ದು ಪಾಯಿಂಟ್ 303 ರೈಫಲ್ ಹಿಡಿದು. ಅದರಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಆ ಯುದ್ಧದ ನಂತರದ ವರ್ಷಗಳಲ್ಲಿ ಬಂದದ್ದು ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್. ಬೆಲ್ಜಿಯಂನ ಎಫ್‌ಎಎಲ್ ಮಾದರಿಯ ಮೇಲೆ ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾದ ಸೆಮಿ ಆಟೊಮ್ಯಾಟಿಕ್ ಅದು. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಆ ಗುಂಡಿನ ಹಿಂದಿನ ಅನಿಲದ ಒತ್ತಡವೇ ಖಾಲಿ ಕೇಸನ್ನು ಹೊರಗೆ ಹಾಕಿ ಮುಂದಿನ ಗುಂಡನ್ನು ತಂದು ಕೂರಿಸುತ್ತದೆ. ‘ಏಕ್ ಗೋಲಿ, ಏಕ್ ದುಶ್ಮನ್’ ಎಂದು ಕಲಿತ ಸೇನೆಗೆ ಅದು ಹೊಂದುತ್ತಿತ್ತು. ‘ಎಸ್‌ಎಲ್‌ಆರ್ ಭಾರ ಇತ್ತು ಖರೆ, ಆದ್ರ ಕೈ ಕೊಡ್ತಿರಲಿಲ್ಲ’ ಎನ್ನುತ್ತಾರೆ ಕಾಕಾ.

ಭಾರ ಎಂಬ ಮಾತನ್ನು ಲೆಕ್ಕ ಹಾಕಿ ನೋಡಿದೆ. ಎಸ್‌ಎಲ್‌ಆರ್‌ನ 7.62×51 ಮಿ.ಮೀ. ಗುಂಡು ಒಂದಕ್ಕೆ ಸುಮಾರು 24 ಗ್ರಾಂ. ಅನಂತರ ಬಂದ ಇನ್ಸಾಸ್ ರೈಫಲ್‌ನ 5.56 ಮಿ.ಮೀ. ಗುಂಡು ಸುಮಾರು 12 ಗ್ರಾಂ. 200 ಗುಂಡು ಹೊತ್ತರೆ ಮೊದಲನೆಯದು 4.8 ಕಿಲೊ, ಎರಡನೆಯದು 2.4 ಕಿಲೊ. ಗುಡ್ಡ ಹತ್ತುವವನಿಗೆ ಈ ವ್ಯತ್ಯಾಸ ದೊಡ್ಡದು. ಆದರೆ ಹಗುರ ಗುಂಡಿನ ಶಕ್ತಿಯೂ ಹೆಚ್ಚುಕಡಿಮೆ ಅರ್ಧದಷ್ಟೇ. ಇಲ್ಲಿ ಪುಕ್ಕಟೆ ಸಿಗುವುದು ಯಾವುದೂ ಇಲ್ಲ. ದೂರ ಬೇಕೆಂದರೆ ಭಾರ ಹೊರಬೇಕು, ಹಗುರ ಬೇಕೆಂದರೆ ದೂರ ಬಿಡಬೇಕು.

ಇನ್ಸಾಸ್ ಅನ್ನು ವಿನ್ಯಾಸಗೊಳಿಸಿದ್ದು ಪುಣೆಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ. ತೊಂಬತ್ತರ ದಶಕದಲ್ಲಿ ಅದು ಸೇನೆಗೆ ಸೇರಿತು. ನಮ್ಮದೇ ಆದ ಒಂದು ರೈಫಲ್ ಮಾಡಿದ್ದು ಸಣ್ಣ ಸಾಧನೆಯಲ್ಲ. ಆದರೆ 1999ರ ಕಾರ್ಗಿಲ್ ಯುದ್ಧದ ಬಳಿಕ ದೂರುಗಳು ಕೇಳಿಬಂದವು. ಚಳಿಗೆ ಪ್ಲಾಸ್ಟಿಕ್ ಮ್ಯಾಗಝಿನ್ ಬಿರುಕು ಬಿಡುತ್ತದೆ, ಗುಂಡು ಹಾರಿಸಿದಾಗ ಎಣ್ಣೆ ಕಣ್ಣಿಗೆ ಸಿಡಿಯುತ್ತದೆ ಎಂಬುದು ಅವುಗಳಲ್ಲಿ ಮುಖ್ಯ. ಮುಂದೆ ಸುಧಾರಣೆಗಳಾದವು ನಿಜ. ಆದರೂ ಆ ಮ್ಯಾಗಝಿನ್ ಸಂಗತಿ ನನ್ನನ್ನು ಬಿಡಲಿಲ್ಲ. ಪಾಲಿಮರ್ ಒಂದು ಹಂತಕ್ಕಿಂತ ಕೆಳಗಿನ ತಾಪಮಾನದಲ್ಲಿ ಗಾಜಿನಂತೆ ಪೆಡಸಾಗುತ್ತದೆ ಎಂಬುದನ್ನು ಮೆಟೀರಿಯಲ್ ಸೈನ್ಸ್ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ನಾನು ಮರೆತಿದ್ದೆ. ಆ ಐದು ಅಂಕದ ಉತ್ತರ ಹದಿನೈದು ಸಾವಿರ ಅಡಿ ಎತ್ತರದಲ್ಲಿ ಒಬ್ಬನ ಪ್ರಾಣದ ಪ್ರಶ್ನೆಯಾಗಬಲ್ಲದು ಎಂದು ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಇನ್ಸಾಸ್‌ಗೆ ಬದಲಿ ಬೇಕೆಂದಾಗ ಏನಾಯಿತು? 2011ರಲ್ಲಿ ಸುಮಾರು 66 ಸಾವಿರ ರೈಫಲ್‌ಗಳಿಗೆ ಟೆಂಡರ್ ಕರೆದರು. ಬ್ಯಾರೆಲ್ ಮತ್ತು ಮ್ಯಾಗಝಿನ್ ಬದಲಿಸಿದರೆ ಅದೇ ರೈಫಲ್ ಗಡಿಯ ಯುದ್ಧಕ್ಕೆ 5.56 ಗುಂಡನ್ನೂ ಉಗ್ರರ ವಿರುದ್ಧದ ಕಾರ್ಯಾಚರಣೆಗೆ ಎಕೆ ರೈಫಲ್‌ನ 7.62×39 ಗುಂಡನ್ನೂ ಹಾರಿಸಬೇಕು ಎಂಬುದು ಷರತ್ತು. ಕೇಳಲು ಎಷ್ಟು ಚೆಂದ! ಹೆಸರಾಂತ ವಿದೇಶಿ ಕಂಪನಿಗಳೇ ಬಂದವು. ಪರೀಕ್ಷೆಗಳು ನಡೆದವು. ಯಾವುದೂ ಒಪ್ಪಿಗೆಯಾಗದೆ 2015ರಲ್ಲಿ ಟೆಂಡರ್ ರದ್ದಾಯಿತು. ನಾಲ್ಕು ವರ್ಷ ಹೋಯಿತು, ಒಂದೂ ರೈಫಲ್ ಬರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ನಮಗೆ ಮೊದಲು ಕಲಿಸುವುದು ಅಗತ್ಯಗಳ ಪಟ್ಟಿ ಬರೆಯುವುದನ್ನು. ‘ಇರಲೇಬೇಕು’ ಮತ್ತು ‘ಇದ್ದರೆ ಒಳ್ಳೆಯದು’ ಎಂದು ಎರಡು ಕಾಲಂ ಮಾಡಬೇಕು. ಎಲ್ಲವನ್ನೂ ಮೊದಲ ಕಾಲಂಗೆ ಹಾಕಿದರೆ ಮಾರುಕಟ್ಟೆಯಲ್ಲಿ ಯಾವ ವಸ್ತುವೂ ತೇರ್ಗಡೆಯಾಗುವುದಿಲ್ಲ.

ಕೊನೆಗೆ ಸೇನೆ ಒಂದೇ ರೈಫಲ್ ಎಂಬ ಹಟ ಬಿಟ್ಟು ಕೆಲಸವನ್ನು ಎರಡಾಗಿ ವಿಂಗಡಿಸಿತು. ಮುಂಚೂಣಿಯ ಪದಾತಿ ಸೈನಿಕರಿಗೆ ದೂರಕ್ಕೆ ಹೊಡೆಯುವ ಶಕ್ತಿಶಾಲಿ ರೈಫಲ್, ಉಳಿದವರಿಗೆ ಗಟ್ಟಿಮುಟ್ಟಾದ, ಕಡಿಮೆ ದೂರದ ರೈಫಲ್. ಮೊದಲನೆಯದಕ್ಕಾಗಿ 2019ರಲ್ಲಿ ಅಮೆರಿಕದ ಸಿಗ್ ಸಾವರ್ ಕಂಪನಿಯಿಂದ 72,400 ಸಿಗ್-716 ರೈಫಲ್‌ಗಳನ್ನು ಸುಮಾರು 650 ಕೋಟಿ ರೂಪಾಯಿಗೆ ಕೊಂಡರು. ಎರಡನೆಯದಕ್ಕಾಗಿ 2021ರ ಡಿಸೆಂಬರ್‌ನಲ್ಲಿ ರಷ್ಯಾದ ಎಕೆ-203 ರೈಫಲ್‌ಗಳನ್ನು ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ತಯಾರಿಸುವ ಒಪ್ಪಂದವಾಯಿತು. 6,01,427 ರೈಫಲ್‌ಗಳು, ಐದು ಸಾವಿರ ಕೋಟಿಗೂ ಹೆಚ್ಚು ಮೊತ್ತ. ಭಾಗಿಸಿ ನೋಡಿದರೆ ಸಿಗ್ ಒಂದಕ್ಕೆ ಸುಮಾರು 90 ಸಾವಿರ ರೂಪಾಯಿ, ಎಕೆ ಒಂದಕ್ಕೆ 80 ಸಾವಿರದ ಮೇಲೆ. ಒಬ್ಬ ಸೈನಿಕನ ರೈಫಲ್‌ಗೂ ನನ್ನ ಸಹಪಾಠಿಗಳ ಗೇಮಿಂಗ್ ಲ್ಯಾಪ್‌ಟಾಪ್‌ಗೂ ಬೆಲೆ ಹೆಚ್ಚುಕಡಿಮೆ ಒಂದೇ ಎಂದು ತಿಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ವಿಂಗಡಣೆ ಸರಿಯಾದ ಹೆಜ್ಜೆ ಎಂದೇ ನನ್ನ ಅನಿಸಿಕೆ. ಆದರೆ ಅದಕ್ಕೂ ಬೆಲೆ ಇದೆ. ಈಗ ಇನ್ಸಾಸ್‌ಗೆ ಒಂದು ಗುಂಡು, ಎಕೆಗೆ ಇನ್ನೊಂದು, ಸಿಗ್‌ಗೆ ಮತ್ತೊಂದು. ಒಬ್ಬರ ಮ್ಯಾಗಝಿನ್ ಇನ್ನೊಬ್ಬರಿಗೆ ಆಗದು. ಹೇಸರಗತ್ತೆಯ ಬೆನ್ನ ಮೇಲೆ ಗುಂಡಿನ ಪೆಟ್ಟಿಗೆ ಸಾಗಿಸಬೇಕಾದ ಜಾಗದಲ್ಲಿ ಮೂರು ಬಗೆಯ ಗುಂಡು ಎಂದರೆ ಮೂರು ಬಗೆಯ ತಲೆನೋವು. ಇನ್ಸಾಸ್ ಪೂರ್ತಿ ಹಿಂದೆ ಸರಿಯುವವರೆಗೂ ಇದು ತಪ್ಪಿದ್ದಲ್ಲ.

ಮತ್ತೊಂದು ಬೆಲೆ ಸಮಯದ್ದು. ಕೊರ್ವಾದ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದ್ದು 2019ರ ಮಾರ್ಚ್‌ನಲ್ಲಿ. ದರ ಮತ್ತು ತಂತ್ರಜ್ಞಾನ ವರ್ಗಾವಣೆಯ ಚೌಕಾಸಿ ಮುಗಿದು ಒಪ್ಪಂದಕ್ಕೆ ಸಹಿ ಬೀಳಲು ಎರಡೂವರೆ ವರ್ಷಕ್ಕೂ ಹೆಚ್ಚು ಹಿಡಿಯಿತು. 2024ರ ಜುಲೈ ವೇಳೆಗೆ ತಯಾರಾದದ್ದು 35 ಸಾವಿರ, ಅಂದರೆ ನೂರಕ್ಕೆ ಆರರಷ್ಟು. ಅದೇ ಆಗಸ್ಟ್‌ನಲ್ಲಿ ಇನ್ನೂ 73 ಸಾವಿರ ಸಿಗ್ ರೈಫಲ್‌ಗಳಿಗೆ 837 ಕೋಟಿ ರೂಪಾಯಿಯ ಆರ್ಡರ್ ಹೋಯಿತು. ಈ ಸಲ ಒಂದಕ್ಕೆ ಸುಮಾರು 1.15 ಲಕ್ಷ. ತಡ ಮಾಡಿದವನು ಹೆಚ್ಚು ಹಣ ತೆರುತ್ತಾನೆ ಎಂಬುದು ಸಂತೆಯಲ್ಲಿ ತರಕಾರಿ ಕೊಳ್ಳುವವನಿಗೂ ಗೊತ್ತು.

ವಿದೇಶದಿಂದ ಏಕೆ ತರಬೇಕು, ನಾವೇ ಮಾಡಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಮಾಡಲೇಬೇಕು. ನಮ್ಮ ಬೆಂಗಳೂರಿನಲ್ಲೇ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಖಾಸಗಿ ಕಂಪನಿ ಸ್ವಂತ ವಿನ್ಯಾಸದ ರೈಫಲ್‌ಗಳನ್ನು ತಯಾರಿಸುತ್ತಿದೆ. ಆದರೆ ಸ್ವದೇಶಿ ಎಂಬ ಮುದ್ರೆಯೊಂದೇ ಮ್ಯಾಗಝಿನ್ ಬಿರುಕು ಬಿಡುವುದನ್ನು ತಡೆಯುವುದಿಲ್ಲ. ತಡೆಯುವುದು ಪರೀಕ್ಷೆ, ದೂರನ್ನು ಕೇಳುವ ಕಿವಿ ಮತ್ತು ದೂರಿಗೆ ತಕ್ಕಂತೆ ಬೇಗ ತಿದ್ದುವ ಪದ್ಧತಿ. ನನ್ನ ತರಗತಿಯ ಮೆಕ್ಯಾನಿಕಲ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈಗಾಗಲೇ ಕೋಡಿಂಗ್ ಕ್ಲಾಸ್‌ಗೆ ಸೇರಿದ್ದಾರೆ. ಲೋಹ, ಸ್ಪ್ರಿಂಗ್, ಪಾಲಿಮರ್ ಕಲಿತವರೆಲ್ಲ ಸಾಫ್ಟ್‌ವೇರ್‌ಗೆ ಹೋದರೆ ಮುಂದಿನ ರೈಫಲನ್ನು ತಿದ್ದುವವರು ಯಾರು? ಈ ಪ್ರಶ್ನೆಯಿಂದ ನಾನೂ ಹೊರತಲ್ಲ. ಆ ಕ್ಲಾಸ್‌ನ ಅರ್ಜಿ ನನ್ನ ಬ್ಯಾಗಿನಲ್ಲೂ ಇದೆ.

ನನಗನಿಸುವುದು ಇಷ್ಟು. ಎಲ್ಲಕ್ಕೂ ಆಗುವ ರೈಫಲ್ ಆರಿಸುವಾಗ ಮೊದಲು ಕೇಳಬೇಕಾದದ್ದು ಯಾವ ಕಂಪನಿ, ಯಾವ ದೇಶ ಎಂದಲ್ಲ. ಇದನ್ನು ಹಿಡಿಯುವವನು ಎಲ್ಲಿ ನಿಲ್ಲುತ್ತಾನೆ, ಎಷ್ಟು ದೂರಕ್ಕೆ ಹೊಡೆಯಬೇಕು, ಎಷ್ಟು ಹೊರಬಲ್ಲ ಎಂದು ಕೇಳಬೇಕು. ಅದಕ್ಕೆ ಉತ್ತರ ಗೊತ್ತಿರುವುದು ದೆಹಲಿಯ ಕಡತಕ್ಕಲ್ಲ, ಸೈನಿಕನಿಗೆ. ಪಟ್ಟಿಯ ಮೊದಲ ಸಾಲನ್ನು ಅವನಿಂದ ಬರೆಸಬೇಕು. ಬಿಟ್ಟುಕೊಡಬೇಕಾದದ್ದನ್ನು ಬೇಗ ಬಿಟ್ಟುಕೊಡಬೇಕು. ಏಕೆಂದರೆ ತೀರ್ಮಾನ ತಡವಾದಷ್ಟು ದಿನವೂ ಹಳೆಯದನ್ನು ಹಿಡಿದು ಕಾಯುವವನು ಅವನೇ.

ಹಬ್ಬದ ಮರುದಿನ ಅಣ್ಣ ಫೋನ್ ಮಾಡಿದ. ಚಳಿ ಶುರುವಾಗಿದೆ, ಅವ್ವ ಕಳಿಸಿದ ಕರದಂಟು ಬಂದು ಮುಟ್ಟಿತು ಎಂದ. ನಾನು ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನಿನ್ನ ಕೈಯಲ್ಲಿ ಈಗ ಯಾವುದಿದೆ ಎಂದು ಕೇಳಿದೆ. ಅದನ್ನು ಆತ ಹೇಳಲಿಲ್ಲ, ಹೇಳಲೂಬಾರದು. ‘ಕೊಟ್ಟದ್ದ ಹಿಡೀಬೇಕೋ ತಮ್ಮಾ, ಆರಿಸೋದು ನಮ್ಮ ಕೆಲಸ ಅಲ್ಲ’ ಎಂದು ನಕ್ಕು ಫೋನ್ ಇಟ್ಟ. ಪಕ್ಕದಲ್ಲಿ ಕೂತಿದ್ದ ಕಾಕಾ ನಗಲಿಲ್ಲ.