ನೋಟಿಸ್ ಕೊಟ್ಟವರೇ ಲೆಕ್ಕವನ್ನೂ ಬರೆದುಕೊಡಲಿ

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಬರೆದು ಅಂಟಿಸಿದ್ದು ಭಯದಿಂದ. ಯುಪಿಐಗೆ ಬಂದ ದುಡ್ಡನ್ನೆಲ್ಲ ವ್ಯಾಪಾರ ಅಂತ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷದ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ! ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಸ್ವಾಮಿ.

ಕೈಸಾಲ, ಊರಿಂದ ಅಣ್ಣ ಹಾಕಿದ ಹಣ ಎಲ್ಲವೂ ಅದೇ ಖಾತೆಗೆ ಬಂದಿರುತ್ತೆ. ಅದನ್ನು ಬಿಡಿಸಿ ಬರೆಸಲು ಚಾಮರಾಜಪೇಟೆಯ ಬೀಡಾ ಅಂಗಡಿಯವನೂ ಆಡಿಟರ್‌ಗೆ ಫೀಸು ಎಣಿಸಬೇಕು. ತೆರಿಗೆಗಿಂತ ಮೊದಲಿನ ತೆರಿಗೆ ಇದು.

ಹಳೆ ಬಾಕಿ ಕೇಳಲ್ಲ, ನೋಂದಣಿ ಮಾಡಿಸಿ ಎಂದರು ಮುಖ್ಯಮಂತ್ರಿ. ನೋಂದಣಿಯಾದ ಮೇಲೆ ವ್ಯಾಪಾರವೇ ಇಲ್ಲದಿದ್ದರೂ ರಿಟರ್ನ್ ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಇದನ್ನು ನೋಟಿಸಿಗೆ ಮುಂಚೆ ಅಂಗಡಿ ಬಾಗಿಲಿಗೆ ಬಂದು ಯಾರು ಹೇಳಿದರು? ಗಾಂಧಿ ಬಜಾರಿನಲ್ಲೂ ಹಾವೇರಿ ಮಾರುಕಟ್ಟೆಯಲ್ಲೂ ಇಲಾಖೆ ಒಂದು ಟೇಬಲ್ ಹಾಕಲಿ, ಕನ್ನಡದಲ್ಲಿ, ಪುಕ್ಕಟೆ ಲೆಕ್ಕ ಬರೆದುಕೊಡಲಿ. ಆಮೇಲೆ ನೋಟಿಸ್ ಕಳಿಸಲಿ.